ಚೆರ್ರಿ ಮರದ ಕತೆ ಬಿಡಿ, ವಾಷಿಂಗ್ಟನ್ ಬರೆದ ಕಾಗದ ಓದಿ

ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಕೊಡಲಿ ಹಿಡಿದು ಅಪ್ಪನ ಚೆರ್ರಿ ಮರ ಕಡಿದನಂತೆ. ಅಪ್ಪ ಕೇಳಿದಾಗ ‘ನಾನೇ ಕಡಿದೆ, ಸುಳ್ಳು ಹೇಳಲಾರೆ’ ಅಂದನಂತೆ. ಈ ಕತೆಯನ್ನು ಶಾಲೆಯ ಪ್ರಾರ್ಥನೆ ಹೊತ್ತಲ್ಲಿ ಮೇಷ್ಟ್ರ ಬಾಯಿಂದ ಕೇಳಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಈಗ ಇಂಥ ಕತೆಗಳು ಶುಭೋದಯದ ಚಿತ್ರದ ಜೊತೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತವೆ.

ಆ ಕತೆಗೆ ಆಧಾರ ಇಲ್ಲ. ವಾಷಿಂಗ್ಟನ್ 1799ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆಮೇಲೆ ಮೇಸನ್ ವೀಮ್ಸ್ ಎಂಬ ಪಾದ್ರಿ ಆತನ ಜೀವನಚರಿತ್ರೆ ಬರೆದ. ಈ ಪಾದ್ರಿಗೆ ಊರೂರು ತಿರುಗಿ ಪುಸ್ತಕ ಮಾರುವುದೂ ಒಂದು ಕಸುಬಾಗಿತ್ತು. ಆ ಪುಸ್ತಕದ 1806ರ ಮುದ್ರಣದಲ್ಲಿ ಚೆರ್ರಿ ಮರ ಬಂದು ಸೇರಿಕೊಂಡಿತು. ಇನ್ನೂರು ವರ್ಷ ದಾಟಿದರೂ ಅದೇ ಓಡುತ್ತಿದೆ.

ಅದೇ ವಾಷಿಂಗ್ಟನ್ ಬರೆದ, ಬರೆಸಿದ, ಪಡೆದ ಕಾಗದಗಳು, ದಿನಚರಿ, ಲೆಕ್ಕದ ಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಒಟ್ಟು ಸುಮಾರು 77 ಸಾವಿರ ದಾಖಲೆ. ಅವುಗಳಲ್ಲಿ ಆತನ ಕಷ್ಟ ಇದೆ, ಸಿಟ್ಟು ಇದೆ, ಹೆಂಡತಿಗೆ ತಂದ ಬಟ್ಟೆಯ ರೇಟು ಇದೆ. ಸುಳ್ಳು ಹೇಳಿ ಎಂದು ತನ್ನ ಕಾರ್ಯದರ್ಶಿಗೆ ಕೊಟ್ಟ ಸೂಚನೆಯೂ ಇದೆ.

ಕತೆಯಲ್ಲಿರುವ ವಾಷಿಂಗ್ಟನ್‌ಗಿಂತ ಕಾಗದದಲ್ಲಿರುವ ವಾಷಿಂಗ್ಟನ್ ನಮಗೆ ಹೆಚ್ಚು ಬೇಕಾದವನು ಅಂತ ನನ್ನ ಅಭಿಪ್ರಾಯ. ಕಾಗದಗಳು ಆತನನ್ನು ದೊಡ್ಡವನು ಎಂದು ತೋರಿಸುತ್ತವೆ ಅನ್ನೋದು ಅರ್ಧ ಕಾರಣ. ಆತನ ವಿರುದ್ಧವೂ ಅವೇ ಸಾಕ್ಷಿ ಹೇಳುತ್ತವೆ ಅನ್ನೋದು ಉಳಿದರ್ಧ.

2,898 ಜನ, ಕಾಲಿಗೆ ಚಪ್ಪಲಿ ಇಲ್ಲ

ಮೊದಲು ಸರ್ಕಾರಿ ಕಾಗದ ನೋಡೋಣ.

1775ರಲ್ಲಿ ಬ್ರಿಟಿಷರ ವಿರುದ್ಧ ಅಮೆರಿಕದ ವಸಾಹತುಗಳು ಎದ್ದು ನಿಂತಾಗ ವಾಷಿಂಗ್ಟನ್‌ನನ್ನು ಸೇನಾಪತಿ ಮಾಡಿದರು. ಸೇನೆಗೆ ದುಡ್ಡು, ಬಟ್ಟೆ, ಊಟ ಕೊಡಬೇಕಾದದ್ದು ಕಾಂಗ್ರೆಸ್ ಎಂಬ ಪ್ರತಿನಿಧಿಗಳ ಸಭೆ. 1777ರ ಚಳಿಗಾಲದಲ್ಲಿ ಸೇನೆ ವ್ಯಾಲಿ ಫೋರ್ಜ್ ಎಂಬಲ್ಲಿ ಬಿಡಾರ ಹೂಡಿತ್ತು. ಡಿಸೆಂಬರ್ 23ರಂದು ವಾಷಿಂಗ್ಟನ್ ಅಲ್ಲಿಂದ ಕಾಂಗ್ರೆಸ್‌ನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಒಂದು ಪತ್ರ ಬರೆದ.

ಅದರಲ್ಲಿ ‘ಸೈನಿಕರು ಬಹಳ ಕಷ್ಟದಲ್ಲಿದ್ದಾರೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಅಂತ ಬರೆದು ಬಿಟ್ಟಿಲ್ಲ. ಬಿಡಾರದಲ್ಲಿ 2,898 ಜನ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದಾರೆ, ಕಾರಣ ಬರಿಗಾಲು ಮತ್ತು ಮೈಮೇಲೆ ಬಟ್ಟೆ ಇಲ್ಲದಿರುವುದು ಅಂತ ಲೆಕ್ಕ ಕೊಟ್ಟಿದ್ದಾನೆ. ಹೀಗೇ ಮುಂದುವರಿದರೆ ಈ ಸೇನೆ ಉಪವಾಸ ಬೀಳಬೇಕು, ಕರಗಿಹೋಗಬೇಕು, ಇಲ್ಲ ಚದುರಿ ಹೋಗಬೇಕು, ಬೇರೆ ದಾರಿ ಇಲ್ಲ ಅಂದಿದ್ದಾನೆ. ಚಳಿಯಲ್ಲೂ ಯುದ್ಧ ಮಾಡಬೇಕಿತ್ತು ಎಂದು ತಕರಾರು ತೆಗೆದವರಿಗೆ ಅದೇ ಪತ್ರದಲ್ಲಿ ಉತ್ತರವೂ ಇದೆ. ಬೆಚ್ಚಗಿನ ಕೋಣೆಯಲ್ಲಿ, ಒಲೆ ಪಕ್ಕ ಕೂತು ಆಕ್ಷೇಪ ಬರೆಯುವುದು ಸುಲಭ. ಹೊದಿಕೆ ಇಲ್ಲದೆ ಬೋಳು ಗುಡ್ಡದ ಮೇಲೆ ಹಿಮದಲ್ಲಿ ಮಲಗುವುದು ಕಷ್ಟ.

ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಮೂರು ಸಾವಿರ ಅಂದಿಲ್ಲ, 2,898 ಅಂದಿದ್ದಾನೆ. ಯಾರೋ ಬಿಡಾರದಿಂದ ಬಿಡಾರಕ್ಕೆ ಹೋಗಿ ತಲೆ ಎಣಿಸಿದ್ದಾರೆ. ಅದಕ್ಕೇ ಆ ಪತ್ರಕ್ಕೆ ಇವತ್ತಿಗೂ ತೂಕ ಇದೆ. ವರದಿ ಬರೆದು ಬದುಕುವ ನಮ್ಮಂಥವರು ಇಲ್ಲಿ ಕಲಿಯಬೇಕಾದ್ದಿದೆ: ಗೋಳು ಬರೆದರೆ ಓದಿ ಮರೆಯುತ್ತಾರೆ, ಎಣಿಸಿ ಬರೆದರೆ ಉತ್ತರ ಕೊಡಬೇಕಾಗುತ್ತದೆ.

ಮಸ್ಲಿನ್ ಬಟ್ಟೆ, ಮನೆ ಸುಟ್ಟಿದ್ದರೂ ಚಿಂತೆ ಇರಲಿಲ್ಲ

ಈಗ ಮನೆಯ ಕಾಗದ.

ಸೇನಾಪತಿ ಎಂದು ಆರಿಸಿದ ಮೂರೇ ದಿನಕ್ಕೆ, 1775ರ ಜೂನ್ 18ರಂದು, ಹೆಂಡತಿ ಮಾರ್ಥಾಗೆ ಫಿಲಡೆಲ್ಫಿಯಾದಿಂದ ಬರೆದ ಪತ್ರ ಉಳಿದಿದೆ. ಈ ಹುದ್ದೆ ನಾನು ಬಯಸಿದ್ದಲ್ಲ, ತಪ್ಪಿಸಿಕೊಳ್ಳಲು ಆದಷ್ಟು ಪ್ರಯತ್ನಪಟ್ಟೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಉಯಿಲು ಬರೆಸಿದ್ದೇನೆ, ಜೊತೆಗೆ ಇಟ್ಟಿದ್ದೇನೆ ಅಂದಿದ್ದಾನೆ. ಯುದ್ಧಕ್ಕೆ ಹೊರಟವನು ಉಯಿಲು ಕಳಿಸಿದ ಮೇಲೆ ಇನ್ನೇನು ಬರೆದಾನು ಅಂದುಕೊಂಡರೆ, ಕೊನೆಯಲ್ಲಿ ಎರಡು ಸಾಲು ಇದೆ: ನಿನಗೆ ಎರಡು ಉಡುಪಿಗಾಗುವಷ್ಟು ಮಸ್ಲಿನ್ ಬಟ್ಟೆ ತಗೊಂಡಿದ್ದೇನೆ, ಇದೇ ಚೆನ್ನಾಗಿರೋದು ಅಂದರು, ನಿನಗೆ ಹಿಡಿಸಲಿ ಅಂತ ಆಸೆ. ಜೊತೆಗೆ ರೇಟು, ಗಜಕ್ಕೆ 20 ಶಿಲಿಂಗ್.

ಇನ್ನೊಂದು ಪತ್ರ 1781ರ ಏಪ್ರಿಲ್ 30ರದು. ಮೌಂಟ್ ವರ್ನನ್ ಎಂಬ ಆತನ ಮನೆ, ಹೊಲಗಳನ್ನು ಲುಂಡ್ ವಾಷಿಂಗ್ಟನ್ ಎಂಬ ದಾಯಾದಿ ನೋಡಿಕೊಳ್ಳುತ್ತಿದ್ದ. ನದಿಯಲ್ಲಿ ಬ್ರಿಟಿಷರ ಯುದ್ಧನೌಕೆ ಬಂತು. ವಾಷಿಂಗ್ಟನ್‌ನ ಗುಲಾಮರಲ್ಲಿ 17 ಜನ ಆ ಹಡಗು ಹತ್ತಿ ಹೋದರು. ಲುಂಡ್ ಹಡಗಿಗೆ ಹೋಗಿ, ದಿನಸಿ ಕೊಟ್ಟು, ಮನೆ ಉಳಿಸಿಕೊಂಡ, ಹೋದವರನ್ನು ವಾಪಸ್ ಕೇಳಿದ. ಸುದ್ದಿ ತಿಳಿದ ವಾಷಿಂಗ್ಟನ್ ಉರಿದುಬಿದ್ದ. ಶತ್ರುವಿಗೆ ದಿನಸಿ ಕೊಟ್ಟೆ ಅಂತ ಕೇಳುವುದಕ್ಕಿಂತ, ಮನೆ ಸುಟ್ಟರು, ಹೊಲ ಹಾಳು ಮಾಡಿದರು ಅಂತ ಕೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ ಅಂತ ಬರೆದ.

ಇದು ಮನೆಯ ಪತ್ರ, ನಾಲ್ಕು ಜನ ಕೇಳಲಿ ಅಂತ ಬರೆದದ್ದಲ್ಲ. ಅದಕ್ಕೇ ಇದನ್ನು ನಂಬಬಹುದು. ಬೀದಿಯಲ್ಲಿ ದೇಶಭಕ್ತಿ ಮಾತಾಡುವುದು ಬೇರೆ, ಸ್ವಂತ ಮನೆ ಸುಡಲಿ ಎಂದು ಮನೆ ನೋಡಿಕೊಳ್ಳುವವನಿಗೇ ಬರೆಯುವುದು ಬೇರೆ. ಆದರೆ ಅದೇ ಪತ್ರದಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವನ ಮನೆಯಿಂದ 17 ಜನ ಸ್ವಾತಂತ್ರ್ಯ ಹುಡುಕಿಕೊಂಡು ಶತ್ರುವಿನ ಹಡಗು ಹತ್ತಿದ್ದರು.

ಸುಳ್ಳು ಹೇಳಿ ಎಂದ ಪತ್ರ

ಚೆರ್ರಿ ಮರದ ಕತೆ ಹೇಳುವವರು ಈ ಪತ್ರವನ್ನು ಹೇಳುವುದಿಲ್ಲ.

ಯುದ್ಧ ಮುಗಿದು, ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾಗಿ ಫಿಲಡೆಲ್ಫಿಯಾದಲ್ಲಿದ್ದ. ಅದು ಪೆನ್ಸಿಲ್ವೇನಿಯಾ ರಾಜ್ಯ. ಅಲ್ಲಿ 1780ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಬಂದಿತ್ತು. ಹೊರಗಿನಿಂದ ಬಂದವರು ಗುಲಾಮರನ್ನು ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ಇಟ್ಟುಕೊಂಡರೆ, ಆ ಗುಲಾಮರು ನಾವು ಸ್ವತಂತ್ರರು ಎಂದು ಕೇಳಬಹುದಿತ್ತು.

1791ರ ಏಪ್ರಿಲ್ 12ರಂದು ವಾಷಿಂಗ್ಟನ್ ತನ್ನ ಕಾರ್ಯದರ್ಶಿ ಟೋಬಿಯಾಸ್ ಲಿಯರ್‌ಗೆ ಬರೆದ: ಆರು ತಿಂಗಳು ತುಂಬುವ ಮೊದಲೇ ಅವರನ್ನು ವರ್ಜೀನಿಯಾಗೆ ಕಳಿಸಬೇಕು, ಅವರಿಗೂ ಜನರಿಗೂ ಗೊತ್ತಾಗದಂತೆ ಏನಾದರೂ ನೆಪ ಹೇಳಿ ಮೋಸ ಮಾಡಬೇಕು, ಈ ವಿಷಯ ನಿನಗೆ ಮತ್ತು ಶ್ರೀಮತಿ ವಾಷಿಂಗ್ಟನ್‌ಗೆ ಬಿಟ್ಟು ಯಾರಿಗೂ ತಿಳಿಯಬಾರದು. ‘ಸುಳ್ಳು ಹೇಳಲಾರೆ’ ಅಂದ ಹುಡುಗ ದೊಡ್ಡವನಾದ ಮೇಲೆ ಹೇಳಿದ್ದು ಇದು.

ಐದು ವರ್ಷದ ನಂತರ ಇನ್ನೊಂದು. ಓನಾ ಜಡ್ಜ್ ಎಂಬ ಯುವತಿ ಮಾರ್ಥಾಳ ಸೇವೆಗಿದ್ದ ಗುಲಾಮಳು. 1796ರ ಮೇ 21ರಂದು, ಮನೆಯವರು ಊಟಕ್ಕೆ ಕೂತ ಹೊತ್ತಲ್ಲಿ ಮನೆ ಬಿಟ್ಟು ಹೊರಟಳು. ಹಡಗಿನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಊರು ಸೇರಿದಳು. ವಾಷಿಂಗ್ಟನ್ ಆಕೆಯನ್ನು ವಾಪಸ್ ತರಿಸಲು ಬರೆದದ್ದು ಯಾರಿಗೆ ಗೊತ್ತೇ? ಹಣಕಾಸು ಖಾತೆಯ ಮಂತ್ರಿ ಆಲಿವರ್ ವೋಲ್ಕಾಟ್‌ಗೆ. ಆತನ ಮೂಲಕ ಪೋರ್ಟ್ಸ್‌ಮತ್ ಬಂದರಿನ ಸುಂಕದ ಅಧಿಕಾರಿ ಜೋಸೆಫ್ ವಿಪಲ್‌ಗೆ. ಮನೆಗೆಲಸದವಳನ್ನು ಹಿಡಿದು ತರಲು ದೇಶದ ಸುಂಕ ಇಲಾಖೆ.

ವಿಪಲ್ ಓನಾಳನ್ನು ಮಾತಾಡಿಸಿದ. ನೀವಿಬ್ಬರೂ ತೀರಿದ ಮೇಲೆ ಬಿಡುಗಡೆ ಕೊಡುವ ಮಾತು ಕೊಟ್ಟರೆ ಬರುತ್ತಾಳಂತೆ ಅಂತ ಬರೆದ. ವಾಷಿಂಗ್ಟನ್ ನವೆಂಬರ್ 28ರಂದು ಉತ್ತರ ಕೊಟ್ಟ: ಇಂಥ ಒಪ್ಪಂದ ಸಾಧ್ಯವೇ ಇಲ್ಲ, ಓಡಿಹೋದವಳಿಗೆ ಬಹುಮಾನ ಕೊಟ್ಟರೆ ನಿಯತ್ತಿನಿಂದ ಇದ್ದವರಿಗೆ ಅನ್ಯಾಯ.

ವಾಷಿಂಗ್ಟನ್ ಕೊನೆಗಾಲದಲ್ಲಿ, 1799ರ ಜುಲೈನಲ್ಲಿ ಬರೆದ ಉಯಿಲಿನಲ್ಲಿ, ತನ್ನ ಹೆಸರಲ್ಲಿದ್ದ 123 ಗುಲಾಮರಿಗೆ ಮಾರ್ಥಾಳ ಕಾಲಾನಂತರ ಬಿಡುಗಡೆ ಎಂದು ಬರೆದ. ಮಾರ್ಥಾ ಅಷ್ಟು ಕಾಯದೆ 1801ರ ಜನವರಿ 1ರಂದೇ ಬಿಡುಗಡೆ ಕೊಟ್ಟಳು. ಅದನ್ನೂ ಹೇಳಲೇಬೇಕು. ಓನಾ ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಆಕೆ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವಳು ಎಂಬ ಲೆಕ್ಕ.

ಖಾಸಗಿ ಎಲ್ಲಿ ಮುಗಿಯುತ್ತದೆ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ದೊಡ್ಡವರಾದರೇನು, ಅವರ ಮನೆ ಕಾಗದ ನಾವು ಓದಬಹುದೇ?

ಮಾರ್ಥಾ ವಾಷಿಂಗ್ಟನ್ ಇದಕ್ಕೆ ತನ್ನ ಉತ್ತರ ಕೊಟ್ಟಳು. ಗಂಡ ಸತ್ತ ಮೇಲೆ, ಇಬ್ಬರ ನಡುವಿನ ನಲವತ್ತು ವರ್ಷದ ಪತ್ರಗಳನ್ನು ಸುಟ್ಟುಹಾಕಿದಳು. ಮಸ್ಲಿನ್ ಬಟ್ಟೆಯ ಆ ಪತ್ರ ಎಲ್ಲೋ ಕಣ್ತಪ್ಪಿ ಉಳಿದದ್ದು. ಹಾಗೆ ಉಳಿದವು ಬೆರಳೆಣಿಕೆಯಷ್ಟು. ಆಕೆ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಗಂಡ ಹೆಂಡತಿ ಮಾತು ಅವರದು. ಜೀವನವಿಡೀ ಗಂಡನನ್ನು ದೇಶಕ್ಕೆ ಕೊಟ್ಟವಳು ಇಷ್ಟಾದರೂ ತನಗೆ ಇಟ್ಟುಕೊಂಡಳು.

ಆದರೆ ಸುಂಕದ ಅಧಿಕಾರಿಗೆ ಬರೆದ ಪತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಕೆಲಸಕ್ಕೆ ಸರ್ಕಾರದ ಮನುಷ್ಯನನ್ನು ಬಳಸಿದ ಕ್ಷಣಕ್ಕೆ ಆ ಪತ್ರ ಖಾಸಗಿಯಾಗಿ ಉಳಿಯಲಿಲ್ಲ. ವಿಪಲ್‌ಗೆ ಸಂಬಳ ಕೊಡುತ್ತಿದ್ದುದು ಜನ. ಮೇಲಿನವರು ‘ಇದು ಖಾಸಗಿ ವಿಷಯ’ ಅಂದಾಗಲೆಲ್ಲ ಕೇಳಬೇಕಾದ್ದು ಇಷ್ಟೇ: ಕೆಲಸ ಯಾರದು, ಮಾಡಿಸಿದ್ದು ಯಾರ ಕೈಯಲ್ಲಿ?

ಕಾಪಾಡಿದ್ದು, ತಿದ್ದಿದ್ದು, ಕತ್ತರಿಸಿದ್ದು

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ವಾಷಿಂಗ್ಟನ್ ತಾನೇ ಕಾಗದ ಕಾಪಾಡಿದ್ದರಿಂದ. ಆತನಿಗೆ ನಾನು ಕೈ ಮುಗಿಯುವುದು ಈ ಕಾರಣಕ್ಕೆ.

ಯುದ್ಧದ ಮಧ್ಯೆಯೇ, 1781ರಲ್ಲಿ, ಕಾಂಗ್ರೆಸ್‌ನ ಒಪ್ಪಿಗೆ ಪಡೆದು ರಿಚರ್ಡ್ ವ್ಯಾರಿಕ್ ಎಂಬವನನ್ನು ನೇಮಿಸಿದ. ಕೆಲವು ಗುಮಾಸ್ತರನ್ನು ಇಟ್ಟುಕೊಂಡು ಎಲ್ಲ ಪತ್ರಗಳನ್ನೂ ವಿಂಗಡಿಸಿ, ಚೆನ್ನಾದ ಅಕ್ಷರದಲ್ಲಿ ನಕಲು ಇಳಿಸುವುದು ಆತನ ಕೆಲಸ. ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ನಕಲುಗಳು 44 ದಪ್ಪ ಪುಸ್ತಕಗಳಾಗಿ ಇವತ್ತಿಗೂ ಇವೆ. ಸೈನಿಕರಿಗೆ ಸಂಬಳ ಕೊಡಲು ದುಡ್ಡಿಲ್ಲದ ಕಾಲದಲ್ಲಿ ಟಪಾಲು ನಕಲಿಗೆ ಖರ್ಚು ಮಾಡಿದ್ದು ಕೆಲವರಿಗೆ ದುಂದು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. 1783ರಲ್ಲಿ ಆ ಕಾಗದಗಳನ್ನು ಗಾಡಿಗೆ ಹೇರಿ, ಕಾವಲು ಹಾಕಿ ಮನೆಗೆ ಕಳಿಸಿದ.

ಆಮೇಲೆ ಬಂದವರು ಅಷ್ಟು ಜೋಪಾನ ಮಾಡಲಿಲ್ಲ. ಇಲಿ ತಿಂದವು, ತೇವ ಹಿಡಿಯಿತು. 1830ರ ದಶಕದಲ್ಲಿ ಜೇರೆಡ್ ಸ್ಪಾರ್ಕ್ಸ್ ಎಂಬ ವಿದ್ವಾಂಸ ಪತ್ರಗಳನ್ನು 12 ಸಂಪುಟಗಳಲ್ಲಿ ಅಚ್ಚು ಮಾಡಿಸಿದ. ದೊಡ್ಡ ಕೆಲಸವೇ. ಆದರೆ ದೊಡ್ಡ ಮನುಷ್ಯನ ಬಾಯಲ್ಲಿ ಸಣ್ಣ ಮಾತು ಬರಬಾರದು ಅಂತ ತಿದ್ದಿಬಿಟ್ಟ. ಪುಟ್ನಮ್ ಎಂಬ ಹಿರಿಯ ಸೇನಾಧಿಕಾರಿಯನ್ನು ಸಲಿಗೆಯಿಂದ ‘ಮುದುಕ ಪುಟ್’ ಅಂದದ್ದು ‘ಜನರಲ್ ಪುಟ್ನಮ್’ ಆಯಿತು. ದುಡ್ಡಿನ ವಿಷಯದಲ್ಲಿ ‘ಇದು ಚಿಗಟ ಕಚ್ಚಿದ ಹಾಗೆ’ ಅಂದದ್ದು ‘ಈ ಸಮಯದ ನಮ್ಮ ಅಗತ್ಯಕ್ಕೆ ಸಂಪೂರ್ಣ ಅಸಮರ್ಪಕ’ ಆಯಿತು. ರೈತನ ಮಾತನ್ನು ಗುಮಾಸ್ತನ ಮಾತು ಮಾಡಿದ ಹಾಗೆ.

ಅಷ್ಟೇ ಅಲ್ಲ, ವಾಷಿಂಗ್ಟನ್ ಓದದೆ ಬಿಟ್ಟಿದ್ದ ಒಂದು ಭಾಷಣದ ಕರಡು ಸ್ಪಾರ್ಕ್ಸ್ ಕೈಗೆ ಸಿಕ್ಕಿತ್ತು. ದೊಡ್ಡವರ ಕೈಬರಹ ಬೇಕು ಅಂತ ಕೇಳಿದವರಿಗೆಲ್ಲ ಅದನ್ನು ತುಂಡು ತುಂಡು ಕತ್ತರಿಸಿ ಹಂಚಿದ, ಪ್ರಸಾದ ಹಂಚಿದ ಹಾಗೆ. ಆ ಕರಡು ಇವತ್ತಿಗೂ ಪೂರ್ತಿ ಸಿಕ್ಕಿಲ್ಲ.

ಅತಿ ಭಕ್ತಿ ಮಾಡುವ ಹಾನಿ ಇದು. ಶತ್ರು ಕಾಗದ ಸುಟ್ಟರೆ ಗೊತ್ತಾಗುತ್ತದೆ. ಭಕ್ತ ತಿದ್ದಿದರೆ ಗೊತ್ತೇ ಆಗುವುದಿಲ್ಲ.

ಕೊನೆಗೆ ಅಮೆರಿಕ ಸರ್ಕಾರ 1834ರಲ್ಲಿ 25 ಸಾವಿರ ಡಾಲರ್, 1849ರಲ್ಲಿ 20 ಸಾವಿರ ಡಾಲರ್ ಕೊಟ್ಟು ಕುಟುಂಬದಿಂದ ಕಾಗದಗಳನ್ನು ಕೊಂಡಿತು. ಮೊದಲ ಸಲ ಸರ್ಕಾರಿ ಪತ್ರಗಳು, ಎರಡನೇ ಸಲ ಖಾಸಗಿ ಪತ್ರಗಳು. 1968ರಿಂದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ತಂಡ ಇವನ್ನು ಒಂದಕ್ಷರ ತಿದ್ದದೆ, ಇದ್ದದ್ದು ಇದ್ದ ಹಾಗೆ ಅಚ್ಚಿಗೆ ತಯಾರು ಮಾಡುತ್ತಿದೆ.

ಅದೇ ಕಾರ್ನ್‌ವಾಲಿಸ್, ನಮ್ಮ ಶ್ರೀರಂಗಪಟ್ಟಣ

ಈ ಕತೆಯ ಒಂದು ಎಳೆ ನೇರವಾಗಿ ನಮ್ಮ ನೆಲಕ್ಕೆ ಬರುತ್ತದೆ.

1781ರ ಅಕ್ಟೋಬರ್ 17. ಯಾರ್ಕ್‌ಟೌನ್‌ನಲ್ಲಿ ಸುತ್ತುವರಿದು ಸಿಕ್ಕಿಬಿದ್ದ ಬ್ರಿಟಿಷ್ ಸೇನಾಧಿಪತಿ ವಾಷಿಂಗ್ಟನ್‌ಗೆ ಪತ್ರ ಕಳಿಸಿದ: 24 ಗಂಟೆ ಯುದ್ಧ ನಿಲ್ಲಿಸಿ, ಶರಣಾಗತಿಯ ಮಾತಾಡೋಣ. ವಾಷಿಂಗ್ಟನ್ ಉತ್ತರಿಸಿದ: ನಿಮ್ಮ ಷರತ್ತುಗಳನ್ನು ಮೊದಲು ಬರವಣಿಗೆಯಲ್ಲಿ ಕಳಿಸಿ, ಅದಕ್ಕೆ ಎರಡು ಗಂಟೆ ಸಮಯ. ಅಕ್ಟೋಬರ್ 19ಕ್ಕೆ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಶರಣಾದರು. ಆ ಸೇನಾಧಿಪತಿಯ ಹೆಸರು ಲಾರ್ಡ್ ಕಾರ್ನ್‌ವಾಲಿಸ್.

ಅಲ್ಲಿ ಸೋತವನು 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ತೆಗೆದುಕೊಂಡ.

ಟಿಪ್ಪುವೂ ದಿನಾ ಪತ್ರ ಬರೆಸುತ್ತಿದ್ದವನೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕಾಗದಪತ್ರ ಕಂಪನಿಯವರ ಕೈ ಸೇರಿತು. ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಎಂಬ ಕಂಪನಿಯ ಅಧಿಕಾರಿ ಪರ್ಷಿಯನ್‌ನಿಂದ ಇಂಗ್ಲಿಷಿಗೆ ಮಾಡಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿಸಿದ. ಯಾವ ಪತ್ರ ಹಾಕಬೇಕು ಎಂದು ಆರಿಸಿದ್ದು ಆತ. ಪತ್ರಗಳ ಕೆಳಗೆ ಟೀಕೆ ಬರೆದದ್ದೂ ಆತ.

ವ್ಯತ್ಯಾಸ ನೋಡಿ. ಗೆದ್ದ ವಾಷಿಂಗ್ಟನ್ ತನ್ನ ಕಾಗದ ತಾನೇ ಮನೆಗೆ ಕಳಿಸಿಕೊಂಡ. ಸೋತ ಟಿಪ್ಪುವಿನ ಕಾಗದ ಕೊಂದವರ ಕೈಯಿಂದ ಆಯ್ದು, ಟಿಪ್ಪಣಿ ಸೇರಿಸಿ ಹೊರಬಂತು. ಒಂದು ಕಡೆ ಭಕ್ತರ ಕತ್ತರಿ, ಇನ್ನೊಂದು ಕಡೆ ಶತ್ರುವಿನ ಜರಡಿ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿ ಬಹಳ ಇದ್ದಾರೆ. ಇಬ್ಬರಿಗೂ ನನ್ನದು ಒಂದೇ ಮಾತು: ಆ ಪತ್ರಗಳನ್ನು ಓದಿ. ಓದುವಾಗ ಯಾರು ಆರಿಸಿದ್ದು, ಯಾಕೆ ಆರಿಸಿದ್ದು ಅಂತ ಕೇಳುತ್ತಾ ಓದಿ.

ಫೋನಿನಲ್ಲೇ ಸಿಗುತ್ತದೆ

ವಾಷಿಂಗ್ಟನ್‌ನ ಪತ್ರಗಳನ್ನು ಓದಲು ಅಮೆರಿಕಕ್ಕೆ ಹೋಗಬೇಕಿಲ್ಲ. 2013ರಿಂದ ‘ಫೌಂಡರ್ಸ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಉಚಿತವಾಗಿ ಇವೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ನಡೆಸುವ ತಾಣ ಅದು. ಹೆಸರು, ತಾರೀಖು ಹಾಕಿ ಹುಡುಕಿದರೆ ಸಿಗುತ್ತವೆ. ಹಳೆಯ ಇಂಗ್ಲಿಷ್, ಸ್ವಲ್ಪ ಕಷ್ಟ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಒಂದು ಪತ್ರ ಓದಿಸಿ, ಕನ್ನಡದಲ್ಲಿ ಹೇಳು ಅನ್ನಿ. ಚೆರ್ರಿ ಮರಕ್ಕಿಂತ ಒಳ್ಳೆಯ ಪಾಠ.

ಓದುವಾಗ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಯಾರು ಯಾರಿಗೆ ಬರೆದದ್ದು? ಇದನ್ನು ಇಷ್ಟು ದಿನ ಯಾರು ಇಟ್ಟಿದ್ದರು, ನಡುವೆ ಯಾರಾದರೂ ಕೈ ಹಾಕಿದರೇ? ಈ ಪತ್ರದಲ್ಲಿ ಹೆಸರಿದ್ದೂ ಮಾತಿಲ್ಲದವರು ಯಾರು?

ಮೂರನೆಯ ಪ್ರಶ್ನೆ ಮುಖ್ಯ. 77 ಸಾವಿರ ದಾಖಲೆ ಇದ್ದರೂ ಓನಾ ಜಡ್ಜ್ ಬರೆದ ಕಾಗದ ಒಂದೂ ಅದರಲ್ಲಿಲ್ಲ. ಆಕೆಗೆ ಆ ಮನೆಯಲ್ಲಿ ಅಕ್ಷರವನ್ನೇ ಕಲಿಸಿರಲಿಲ್ಲ. ವಾಷಿಂಗ್ಟನ್ ಬರೆದದ್ದನ್ನಷ್ಟೇ ಓದಿದರೆ ಆಕೆ ನಿಯತ್ತಿಲ್ಲದ ಕೆಲಸದವಳು, ಅಷ್ಟೇ.

ಆಕೆಯ ಮಾತು ನಮಗೆ ಸಿಕ್ಕಿದ್ದು ಪತ್ರಿಕೆಯಿಂದ. ಓನಾ ಸಿಕ್ಕಿಬೀಳಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲೇ ಬಡತನದಲ್ಲಿ ಬದುಕಿ 1848ರಲ್ಲಿ ತೀರಿಕೊಂಡಳು. ಅದಕ್ಕೆ ಮೊದಲು, 1845ರಲ್ಲಿ ಒಮ್ಮೆ, 1847ರಲ್ಲಿ ಒಮ್ಮೆ, ಗುಲಾಮಗಿರಿ ವಿರೋಧಿಸುತ್ತಿದ್ದ ಸಣ್ಣ ಪತ್ರಿಕೆಗಳಿಗೆ ಬರೆಯುತ್ತಿದ್ದವರು ಆಕೆಯ ಮನೆಗೆ ಹೋಗಿ ಮಾತಾಡಿಸಿದರು. ಅಂಥ ದೊಡ್ಡ ಮನೆ ಬಿಟ್ಟು ಬಂದು ಇಷ್ಟು ಕಷ್ಟಪಟ್ಟೆಯಲ್ಲ, ಬೇಸರ ಇಲ್ಲವೇ ಅಂತ ಕೇಳಿದ್ದಕ್ಕೆ, ಇಲ್ಲ, ನಾನು ಸ್ವತಂತ್ರಳು ಅಂದಳು. ಅದನ್ನು ಅವರು ಬರೆದುಕೊಂಡರು, ಅಚ್ಚಾಯಿತು, ಉಳಿಯಿತು.

ಸೇನಾಪತಿಯ ಕಾಗದ ಕಾಪಾಡಲು ಗುಮಾಸ್ತರಿದ್ದರು, ಗಾಡಿ ಇತ್ತು, ಕಾವಲಿತ್ತು, ಸರ್ಕಾರದ ದುಡ್ಡಿತ್ತು. ಓನಾಳ ಮಾತು ಉಳಿಸಲು ಇದ್ದದ್ದು ಅವಳ ಮನೆ ಬಾಗಿಲಿಗೆ ನಡೆದು ಹೋದ ಇಬ್ಬರು. ಜಿಲ್ಲೆಯ ಮೂಲೆಯಲ್ಲಿ ಕೂತು ಸಾಲಿಗಿಷ್ಟು ಅಂತ ದುಡ್ಡು ಎಣಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಪತ್ರ ಬರೆಯುವವರ ಪತ್ರ ಓದಬೇಕು, ತಿದ್ದದೆ ಇಡಬೇಕು. ಪತ್ರ ಬರೆಯಲಾಗದವರ ಮನೆಗೆ ನಾವೇ ಹೋಗಬೇಕು.